ತಾಲೀಮಿನಲ್ಲಿ ತ್ರಿಶಲೆಯ ಊಟ

ಹೊಳೆನರಸೀಪುರ
ಬುಧವಾರ, ೧೨-೨-೧೯೫೮

ಪ್ರೀತಿಯ ಅಪ್ಪಾಜಿಗೆ,

ನಿಮ್ಮ ವೃಷಭನ ನಮಸ್ಕಾರ. ಮಂಡಿನೋವು ಹೇಗಿದೆ? ದೊಡ್ಡಪ್ಪನ ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಡಿ, ಸಂಕೋಚ ಬಿಟ್ಟು ಒಂದು ಸ್ಟೂಲು ಕೇಳಿ. ಮೂಡಬಿದ್ರೆಯ ಸೆಕೆಗೆ ನೋವು ಇಳಿದಿರುತ್ತದೆ ಎಂದು ಅಮ್ಮನ ನಂಬಿಕೆ. ನೀವು ಸರಿಯಾಗಿ ಬರೆಯದೆ ಮುಚ್ಚಿಡುತ್ತೀರಿ ಎಂದು ನನ್ನ ಅನುಮಾನ.

ಈಗ ತಂಗಿ ತ್ರಿಶಲೆಯ ವಿಷಯ. ನಾಟಕ ಕಂಪನಿ ಸೇರಿ ಅದನ್ನೇ ಬದುಕು ಮಾಡಿಕೊಳ್ಳುತ್ತೇನೆ ಎಂದು ಅವಳು ಹಟ ಹಿಡಿದದ್ದು ನಿಮಗೆ ಗೊತ್ತು. ‘ನೀನು ಹೋಗಿ ನೋಡು, ಸರಿಯಿಲ್ಲ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸು’ ಎಂದು ಬರೆದಿದ್ದಿರಿ. ಸ್ಕೂಲು ಬಿಟ್ಟ ನನ್ನನ್ನು ನಂಬಿ ವಹಿಸಿದ ಮೊದಲ ಕೆಲಸ ಇದು. ಹೋದೆ. ಮ್ಯಾನೇಜರು ಈಶ್ವರಯ್ಯ ಬಹಳ ನಗುತ್ತಾರೆ. ಹದಿನಾರರ ಹುಡುಗಿಯನ್ನು ಇಷ್ಟು ಅವಸರವಾಗಿ ಏಕೆ ಕರೆಯುತ್ತೀರಿ ಎಂದು ಕೇಳಿದರೆ, ಹಳೆಯ ನಾಯಕಿಗೆ ಮದುವೆಯಾಯಿತು ಎಂದರು. ಅಡಿಗೆಯವನನ್ನು ಕೇಳಿದರೆ ಅವಳು ಬೇರೆ ಕಂಪನಿಗೆ ಹೋದಳು ಎಂದ. ಎರಡೂ ನಿಜವಿರಬಹುದು, ನಾನು ಎರಡನ್ನೂ ನಂಬಲಿಲ್ಲ. ಅತ್ತೆ ಪಾರ್ಟು ಮಾಡುವ ಪುಟ್ಟತಾಯಮ್ಮ ತ್ರಿಶಲೆಗೆ ಪುಕ್ಕಟೆಯಾಗಿ ಮಾತು ಕಲಿಸುತ್ತಿದ್ದರು. ಅದೇಕೆ ಎಂದು ಅದನ್ನೂ ಕೇಳಿದೆ. ‘ನೀನು ಪೊಲೀಸಿಗೆ ಸೇರ್ಕ ಓಗಪ್ಪಾ, ಇಲ್ಲಿ ಸುಮ್ನೆ ದಂಡ ಆಯ್ತಿದ್ದೀಯ’ ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಅಮ್ಮನ ಚಿಂತೆಯೆಲ್ಲ ಊಟದ್ದು. ಹೊತ್ತು ಮುಳುಗಿದ ಮೇಲೆ ಜೈನರಾದ ನಾವು ಬಾಯಿಗೆ ಏನೂ ಹಾಕುವುದಿಲ್ಲ. ಕಂಪನಿಯವರು ಉಣ್ಣುವುದು ಆಟ ಮುಗಿದ ಮೇಲೆ. ‘ಬೆಳಕಿರೋವಾಗ್ಲೇ ಬಡಿಸ್ತೀವಿ ತಾಯಿ’ ಎಂದು ಈಶ್ವರಯ್ಯ ಅಮ್ಮನಿಗೆ ಆಣೆ ಇಟ್ಟರು. ಆಣೆ ಇಟ್ಟದ್ದಕ್ಕೇ ನನಗೆ ಇನ್ನಷ್ಟು ಅನುಮಾನವಾಯಿತು.

ಸೋಮವಾರ ಸಂಜೆ ವೇಷ ಹಾಕಿ ತಾಲೀಮು ನಡೆಸಿದರು. ಹೊತ್ತು ಮುಳುಗಿ ಗ್ಯಾಸ್‌ಲೈಟು ಹಚ್ಚಿಯಾಗಿತ್ತು. ಉಪವಾಸ ಕೆಡವಿದ್ದ ಸೊಸೆಗೆ ಅತ್ತೆ ಕೊನೆಗೂ ಎಲೆ ಹಾಕುವ ಸೀನು. ಸೊಸೆ ನಮ್ಮ ತ್ರಿಶಲೆ. ಪುಟ್ಟತಾಯಮ್ಮ ಬಡಿಸಿದರು, ಇವಳು ಕಲಸಿದಳು. ಬಿಸಿಗೆ ಬೆರಳು ಕೊಡವಿದಳು, ಊದಿದಳು, ಮೊದಲ ತುತ್ತು ಎದೆಯಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು, ಆಮೇಲೆ ಎಲೆಯ ಅಂಚನ್ನೂ ಬಿಡದೆ ಬಳಿದು ತಿಂದಳು. ನನ್ನ ಮೈ ಉರಿದುಹೋಯಿತು. ಎಲ್ಲರ ಎದುರಿಗೇ ರಂಗ ಹತ್ತಿ, ‘ನಮ್ಮ ಹುಡುಗಿಗೆ ಕತ್ತಲಲ್ಲಿ ಉಣ್ಣಿಸ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ’ ಎಂದು ಎಲೆ ಕಿತ್ತುಕೊಂಡೆ.

ಎಲೆ ಒಣಗಿತ್ತು, ಅಪ್ಪಾಜಿ. ಒಂದು ಅಗುಳಿಲ್ಲ, ಪಸೆಯೂ ಇಲ್ಲ. ಪಾತ್ರೆಗೆ ಕೈ ಹಾಕಿದೆ, ಅದೂ ಖಾಲಿ. ‘ಹುಳಿಗೆ ಉಪ್ಪು ಸರಿಯಾಗೈತಾ ಸಾ?’ ಎಂದು ಅಡಿಗೆಯವನು ಮೂಲೆಯಿಂದ ಕೂಗಿದ. ‘ಐದು ಗಂಟೆಗೇ ಉಂಡವಳೆ ಕಣ್ಲಾ ನಿನ್ ತಂಗಿ’ ಎಂದರು ಪುಟ್ಟತಾಯಮ್ಮ. ಎಲ್ಲರೂ ನಕ್ಕರು. ತ್ರಿಶಲೆ ನಗಲಿಲ್ಲ. ‘ಅಣ್ಣಾ, ನಿಜವಾಗ್ಲೂ ಅನ್ನ ಕಂಡಿತಾ ನಿನಗೆ?’ ಎಂದು ಕೇಳಿದಳು. ಕಂಡಿತ್ತು. ಹುಳಿಯ ವಾಸನೆ ಕೂಡ ಬಂದಿತ್ತು.

ಆಮೇಲೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಈಶ್ವರಯ್ಯನವರನ್ನು ನಂಬಿದ್ದೇನೆ ಎಂದು ತಿಳಿಯಬೇಡಿ. ಅವರ ಮೇಲಿನ ಅನುಮಾನ ಇದ್ದಲ್ಲೇ ಇದೆ. ತ್ರಿಶಲೆಗೆ ಇದು ಬರುತ್ತದೆಯೋ ಇಲ್ಲವೋ ಎಂಬ ಅನುಮಾನ ಮಾತ್ರ ಉಳಿದಿಲ್ಲ.

ದೊಡ್ಡಪ್ಪ, ದೊಡ್ಡಮ್ಮನಿಗೆ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ಇಂತಿ ನಿಮ್ಮ ಮಗ,
ವೃಷಭರಾಜ

ತಾ.ಕ.: ಲಾರಿಯವನು ಹಾರನ್ ಮಾಡುತ್ತಿದ್ದಾನೆ. ಕಂಪನಿ ಅರಕಲಗೂಡಿಗೆ ಹೊರಟಿದೆ. ತ್ರಿಶಲೆ ಲಾರಿ ಹತ್ತಿ ಕೂತಿದ್ದಾಳೆ, ನಾನೂ ಹತ್ತುತ್ತಿದ್ದೇನೆ. ನನಗೆ ಪರದೆ ಎಳೆಯುವ ಕೆಲಸ ಕೊಟ್ಟಿದ್ದಾರೆ. ಅಲ್ಲಿಂದ ಎಲ್ಲರೂ ಕಾಣುತ್ತಾರೆ. ಅಮ್ಮ ಒಪ್ಪಿದಳು ಎಂದರೆ ಸುಳ್ಳಾಗುತ್ತದೆ, ಅಳುತ್ತಲೇ ಟ್ರಂಕು ತುಂಬಿಕೊಟ್ಟಳು. ತ್ರಿಶಲೆಯನ್ನು ವಾಪಸು ಕರೆಯುವುದಾದರೆ ನೀವೇ ಬನ್ನಿ. ಒಂದು ಆಟ ಕೂತು ನೋಡಿ, ಆಮೇಲೆ ಅವಳಿಗೇ ಹೇಳಿ. ನನ್ನ ಕೈಯಲ್ಲಿ ಹೇಳಿಸಬೇಡಿ.