ಕಪ್ಪು ಪಟ್ಟಿಯ ದಾಸವಾಳ

ಬಸ್ ಡಿಪೊ, ಡ್ರೈವರುಗಳ ವಿಶ್ರಾಂತಿ ಕೋಣೆ
ಗುರುವಾರ, ಊಟದ ಹೊತ್ತು

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಕೈ ಬರಲಿಲ್ಲ, ಹಾಗಾಗಿ ಮಗಳೇ ಎಂದೇ ಶುರು ಮಾಡಿದ್ದೇನೆ. ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೇ? ದಿನವಿಡೀ ಲ್ಯಾಬಿನಲ್ಲಿ ತಲೆ ಬಗ್ಗಿಸಿ ಬೇರೆಯವರಿಗೆ ಕಟ್ಟುಹಲ್ಲು ಕೆತ್ತುವ ಕೆಲಸ ನಿನ್ನದು, ನಡುನಡುವೆ ಎದ್ದು ಓಡಾಡು ಎಂದರೆ ಕೇಳುವವಳಲ್ಲ. ನಿನ್ನ ಅಕ್ಕ ಹುಷಾರಾಗಿದ್ದಾಳೆಯೇ? ಅವಳ ಮನೆಯಲ್ಲಿ ನಿನಗೆ ಕಾಲು ಚಾಚಿ ಮಲಗುವಷ್ಟು ಜಾಗ ಇದೆಯೋ ಇಲ್ಲವೋ ಎಂಬ ಯೋಚನೆ ನನಗೆ ಇದ್ದೇ ಇದೆ. ನಾನು ಗಟ್ಟಿಯಾಗಿದ್ದೇನೆ. ನೀನು ಮಾಡಿಕೊಟ್ಟ ಹಲ್ಲಿನ ಸೆಟ್ಟಿನಲ್ಲಿ ಮೇಲಿನದು ರಾಜನ ಹಾಗೆ ಕೂತಿದೆ, ಕೆಳಗಿನದು ಮಾತ್ರ ಎಡಗಡೆ ಒಸಡಿಗೆ ಉಜ್ಜುತ್ತದೆ. ಇಲ್ಲೇ ಯಾರಾದರೂ ಡಾಕ್ಟರಿಗೆ ತೋರಿಸಿ ಎನ್ನುತ್ತಾಳೆ ನಿನ್ನ ಅತ್ತೆ. ಕಂಡಕಂಡವರ ಮುಂದೆ ಬಾಯಿ ತೆರೆಯುವವನಲ್ಲ ನಾನು. ಹಲ್ಲು ನೆನೆಹಾಕಲು ನೀನು ಕೊಟ್ಟಿದ್ದ ಗಾಜಿನ ಲೋಟ ಸದ್ಯಕ್ಕೆ ಬೇರೆ ಕೆಲಸದಲ್ಲಿದೆ, ಹಲ್ಲಿಗೆ ಸ್ಟೀಲ್ ಬಟ್ಟಲೇ ಗತಿ. ಅದು ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಈ ಕಾಗದ ತರುವವನು ನನ್ನ ಹಳೆಯ ಶಿಷ್ಯ, ಈಗ ನೀನಿರುವ ಊರಿನ ಬಸ್ಸು ಓಡಿಸುತ್ತಾನೆ. ಡಿಪೊದಲ್ಲಿ ಅವನನ್ನು ಎಲ್ಲರೂ ಬ್ರೇಕ್ ಎಂದೇ ಕರೆಯುವುದು. ಅವನ ಬಸ್ಸಿನಲ್ಲಿ ಒಮ್ಮೆ ಕೂತರೆ ಕಾರಣ ನಿನಗೇ ಗೊತ್ತಾಗುತ್ತದೆ. ಕಾಗದದ ಜೊತೆ ಒಂದು ರಟ್ಟಿನ ಡಬ್ಬಿಯೂ ಇದೆ. ಇವತ್ತೊಂದು ದಿನ ಮೆಲ್ಲಗೆ ಓಡಿಸಪ್ಪ ಎಂದು ಅವನಿಗೆ ಹೇಳಿದ್ದೇನೆ. ಡಬ್ಬಿಯನ್ನು ನೆಟ್ಟಗೆ ಹಿಡಿದುಕೋ, ಕಾಗದ ಪೂರ್ತಿ ಓದುವವರೆಗೆ ತೆರೆಯಬೇಡ. ಫೋನ್ ಮಾಡಬಹುದಿತ್ತಲ್ಲ ಮಾವ ಎನ್ನುತ್ತೀಯ. ಎರಡು ಸಲ ನಿನ್ನ ನಂಬರ್ ಒತ್ತಿ ಇಟ್ಟುಬಿಟ್ಟೆ. ನೀನು ಅಳುವುದು ಕೇಳಿಸಿದರೆ ನನಗೆ ಮುಂದಿನ ಮಾತು ಹೊರಡುವುದಿಲ್ಲ. ಕಾಗದವಾದರೆ ನೀನು ಅಳುವ ಹೊತ್ತಿಗೆ ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸಿರುತ್ತೇನೆ.

ಭಾನುವಾರ ನೀನು ಬರುತ್ತೀಯಂತೆ. ಮೊನ್ನೆ ಊಟಕ್ಕೆ ಕೂತಾಗ ನನ್ನ ಮಗ ಹೇಳಿದ. ದಾಸವಾಳ ಹೂ ಬಿಟ್ಟ ಫೋಟೋ ಕಳಿಸಿದನಂತೆ, ಅದನ್ನು ನೋಡಿ ನೀನು ಒಪ್ಪಿಕೊಂಡೆಯಂತೆ, ಬಟ್ಟೆಬರೆ ಸಮೇತ ವಾಪಸು ಬರುತ್ತೀಯಂತೆ. ಬಂದ ಮೇಲೆ ಹಲ್ಲಿನ ಲ್ಯಾಬೂ ಬೇಡ ಗೀಬೂ ಬೇಡ, ಮನೆಯಲ್ಲೇ ಇರುತ್ತಾಳೆ ಎಂದೂ ಸೇರಿಸಿದ. ಅದು ನೀನು ಆಡಿದ ಮಾತೋ, ಅವನೇ ಹೆಣೆದದ್ದೋ ನನಗೆ ಗೊತ್ತಿಲ್ಲ. ನಿನ್ನ ಅತ್ತೆ ಕೂತಲ್ಲೇ ಕಣ್ಣೊರೆಸಿಕೊಂಡಳು. ನನಗೂ ಸಂತೋಷವಾಗಬೇಕಿತ್ತು, ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡೆ. ಬಸ್ಸು ಹತ್ತುವ ಮೊದಲು ಆ ಗಿಡದ ಸಂಗತಿ ನಿನಗೆ ತಿಳಿದಿರಬೇಕು, ಅದಕ್ಕೇ ಈ ಕಾಗದ.

ಆ ಗಿಡದ ಮೇಲೆ ನಿನಗೆ ಎಷ್ಟು ಜೀವ ಎಂದು ನನಗೆ ಗೊತ್ತು. ನಮ್ಮ ಮನೆಗೆ ಬಂದ ವರ್ಷವೇ ನೀನು ಎಲ್ಲಿಂದಲೋ ಒಂದು ಕಡ್ಡಿ ತಂದು ಗೇಟಿನ ಪಕ್ಕ ಚುಚ್ಚಿದೆ. ಅರಿಶಿನ ಬಣ್ಣದ ಹೂ, ನಡುವೆ ಕೆಂಪು ಕಣ್ಣು. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವ ಹೂವಿಗೆ ಇಷ್ಟೊಂದು ಉಪಚಾರವೇ ಎಂದು ನಾನು ರೇಗಿಸುತ್ತಿದ್ದೆ. ಬಿಳಿ ಹಿಟ್ಟಿನಂಥ ಹುಳ ಹತ್ತಿದಾಗ ನೀನು ಹಳೆಯ ಬ್ರಷ್ಷನ್ನು ಸೋಪಿನ ನೀರಿಗೆ ಅದ್ದಿ ಒಂದೊಂದೇ ಗೆಣ್ಣನ್ನು ತಿಕ್ಕುತ್ತಿದ್ದೆ. ಹಲ್ಲಿನವಳು ಗಿಡಕ್ಕೂ ಹಲ್ಲುಜ್ಜಿಸುತ್ತಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವನು ನಾನೇ. ಏಣಿ ಬೀಳಿಸಿ ಅದರ ಕವಲು ಸೀಳಿದವನೂ ನಾನೇ. ನೀನು ಒಂದು ಮಾತು ಬೈಯಲಿಲ್ಲ. ಹಳೆಯ ಸೈಕಲ್ ಟ್ಯೂಬಿನಿಂದ ಪಟ್ಟಿ ಕತ್ತರಿಸಿ ಬಿಗಿದು ಕಟ್ಟಿದೆ. ಸೀಳು ಕೂಡಿಕೊಂಡಿತು, ಆ ಜಾಗದಲ್ಲಿ ತೊಗಟೆ ಗಂಟಿನ ಹಾಗೆ ಉಬ್ಬಿತು, ಕಪ್ಪು ಪಟ್ಟಿ ಅದರೊಳಗೆ ಅರ್ಧ ಹೂತೇಹೋಯಿತು. ಆ ಗಂಟನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ನಡೆದದ್ದನ್ನು ಮತ್ತೆ ಕೆದಕುವುದು ಇಷ್ಟವಿಲ್ಲ, ಆದರೂ ಕೆದಕುತ್ತಿದ್ದೇನೆ. ಕೆಲಸ ಹೆಚ್ಚಾಗಿ ನೀನು ತಡವಾಗಿ ಬಂದ ದಿನ ನನ್ನ ಮಗ ಒಳಗಿನಿಂದ ಚಿಲಕ ಹಾಕಿದ. ನಾನು ಎದ್ದು ತೆಗೆಯುವವರೆಗೆ ನೀನು ಆ ಗಿಡದ ಪಕ್ಕ ಕೂತಿದ್ದೆ. ಮರುದಿನ ಬೆಳಿಗ್ಗೆ ನೀನು ಅವನನ್ನು ಕೇಳಿದ್ದು ಒಂದೇ ಮಾತು, ನಾನೇನು ತಪ್ಪು ಮಾಡಿದೆ ಅಂತ. ಅವನು ಹಿತ್ತಲಿನಿಂದ ಕತ್ತಿ ತಂದು ನಿನ್ನ ಎದುರೇ ದಾಸವಾಳವನ್ನು ಮೊಣಕಾಲೆತ್ತರಕ್ಕೆ ಕಡಿದುಹಾಕಿದ. ನಿನ್ನ ಅತ್ತೆ ಇವತ್ತಿಗೂ ಹೇಳುತ್ತಾಳೆ, "ಅವಳ ಮೇಲೆ ಕೈ ಮಾಡಿದ್ನಾ? ಗಿಡದ ಮೇಲೆ ತಾನೆ?" ನಾನು ಬಾಗಿಲಲ್ಲಿ ನಿಂತಿದ್ದೆ. ಕತ್ತಿ ಬೀಸುವಾಗ ಅವನು ಗಿಡವನ್ನು ನೋಡುತ್ತಿರಲಿಲ್ಲ, ನಿನ್ನನ್ನು ನೋಡುತ್ತಿದ್ದ. ಜೀವಮಾನವಿಡೀ ಬಸ್ಸು ಓಡಿಸಿದವನು ನಾನು. ಕಣ್ಣು ಎಲ್ಲಿದೆಯೋ ಗಾಡಿ ಅಲ್ಲಿಗೇ ಎಳೆಯುತ್ತದೆ ಎಂದು ಹೊಸ ಹುಡುಗರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದೆ. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಚೀಲ ಹಿಡಿದು ಹೊರಟಾಗ ನೀನು ಗೇಟಿನ ಹತ್ತಿರ ನಿಂತು ಅವನಿಗೆ ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ಕಡಿದವನು ನೀನು. ನೀನೇ ಇದರಲ್ಲಿ ಮತ್ತೆ ಹೂ ಬಿಡಿಸು. ಆಮೇಲೆ ಮಾತಾಡೋಣ."

ಸುಳ್ಳು ಯಾಕೆ ಹೇಳಲಿ, ಅವನು ಶುರುವಿನಲ್ಲಿ ಮನಸ್ಸಿಟ್ಟೇ ಮಾಡಿದ. ಬೆಳಿಗ್ಗೆ ಒಂದು ಬಕೆಟ್ ನೀರು, ಸಂಜೆ ಒಂದು ಬಕೆಟ್. ಎಲೆ ಇಲ್ಲದ ಗಿಡಕ್ಕೆ ಬಾಯಾರಿಕೆ ಕಡಿಮೆ ಎಂದು ನೀನು ಹೇಳುತ್ತಿದ್ದುದನ್ನು ನಾನು ಅವನಿಗೆ ಹೇಳಿದೆ. ನಿಮಗೆ ಸ್ಟೀರಿಂಗ್ ಗೊತ್ತು, ಗಿಡ ಏನು ಗೊತ್ತು ಎಂದ. ಅಂಗಡಿಯಿಂದ ಹರಳಿನಂಥ ಗೊಬ್ಬರ ತಂದು ಬುಡಕ್ಕೆ ಸುರಿದ. ಅವನು ಆಫೀಸಿಗೆ ಹೋದ ಮೇಲೆ ನಾನು ಅದನ್ನು ಕೆರೆದು ತೆಗೆದು ಚರಂಡಿಗೆ ಹಾಕುತ್ತಿದ್ದೆ, ನನ್ನ ಮನೆಯಲ್ಲೇ ಕಳ್ಳನ ಹಾಗೆ. ಇಷ್ಟೆಲ್ಲ ಆದರೂ ಅದು ಚಿಗುರಿತು ನೋಡು. ಕಪ್ಪು ಪಟ್ಟಿಯ ಮೇಲೆ ಎರಡು ಕಡೆ, ಕೆಳಗೆ ಒಂದು ಕಡೆ, ಅಕ್ಕಿಕಾಳಿನಷ್ಟು ಹಸಿರು. ನಾನು ಹುಡುಗರ ಹಾಗೆ ಓಡಿಹೋಗಿ ನಿನ್ನ ಅತ್ತೆಯನ್ನು ಕರೆದು ತೋರಿಸಿದೆ. ಅವನಿಗೆ ಅದು ಸಾಕಾಗಲಿಲ್ಲ. ಸಂಜೆ ಬಂದವನೇ ಶೂ ಕೂಡ ಬಿಚ್ಚದೆ ಗಿಡದ ಮುಂದೆ ನಿಲ್ಲುವನು. ಇನ್ನೂ ಮೊಗ್ಗಿಲ್ಲ, ಇನ್ನೂ ಮೊಗ್ಗಿಲ್ಲ ಎಂದು ಗೊಣಗುತ್ತಾ ಒಳಗೆ ಬರುವನು. ಅಷ್ಟು ಹೊತ್ತು ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು. ನಿನ್ನ ಅತ್ತೆ ಪಾತ್ರೆಯನ್ನೂ ಸದ್ದಾಗದ ಹಾಗೆ ಇಡಲು ಕಲಿತಳು.

ಈಗ ಸುಮಾರು ಒಂದೂವರೆ ತಿಂಗಳಾಯಿತು, ಗೇಟಿನ ಪಕ್ಕ ಬೇರೆ ಗಿಡ ಇದೆ. ಹೌದು, ಬೇರೆ ಗಿಡ. ನರ್ಸರಿಯಿಂದ ಆಟೋದಲ್ಲಿ ತಂದು ಅದೇ ಗುಂಡಿಯಲ್ಲಿ ಇಟ್ಟ. ಹಳೆಯದು ಒಣಗಿಹೋಯಿತು, ಇನ್ನೇನು ಮಾಡಲಿ ಎಂದು ಅಮ್ಮನಿಗೆ ಹೇಳಿದ. ಬಣ್ಣ ಹುಡುಕಿ ಹುಡುಕಿ ತಂದಿದ್ದಾನೆ, ಅರಿಶಿನವೇ, ಕೆಂಪು ಕಣ್ಣು ಮಾತ್ರ ಕೊಂಚ ದೊಡ್ಡದು. ಫೋಟೋದಲ್ಲಿ ನೀನು ಕಪ್ಪು ಪಟ್ಟಿ ನೋಡಿರಬೇಕು, ಅದನ್ನು ನೋಡಿಯೇ ನಂಬಿರಬೇಕು. ಅದನ್ನು ಅವನೇ ಕಟ್ಟಿದ್ದು. ಸೈಕಲ್ ಟ್ಯೂಬ್ ಕತ್ತರಿಸಿ, ನೀನು ಕಟ್ಟಿದ ಎತ್ತರಕ್ಕೇ ಸರಿಯಾಗಿ ಅಳೆದು ಕಟ್ಟಿದ್ದಾನೆ. ಅವನು ಇಲ್ಲದಾಗ ನಾನು ಪಟ್ಟಿ ಸರಿಸಿ ಬೆರಳಾಡಿಸಿ ನೋಡಿದೆ. ಕೊಂಬೆ ನುಣ್ಣಗಿದೆ, ಗಂಟಿನ ಸುಳಿವೇ ಇಲ್ಲ. ಗಾಯವೇ ಆಗದ ಜಾಗಕ್ಕೆ ಪಟ್ಟಿ ಬಿಗಿದಿದ್ದಾನೆ. ಪಟ್ಟಿಯನ್ನು ಇದ್ದ ಜಾಗಕ್ಕೇ ಸರಿಸಿ ಒಳಗೆ ಬಂದೆ.

ನಿನ್ನ ಅತ್ತೆಗೆ ಎಲ್ಲ ಗೊತ್ತು. ಅವಳನ್ನು ಬೈಯಬೇಡ. ಅವಳು ಹೇಳುವುದು ಇಷ್ಟೇ: "ಹೊಸದೋ ಹಳೇದೋ, ಹೂ ಬಿಟ್ರೆ ಸಾಕಲ್ವಾ? ಅವಳು ಬರಲಿ ಅಂತ ತಾನೆ ಮಾಡಿದ್ದು." ನಾನು ಸುಮ್ಮನಿರದಿದ್ದಾಗ ಇನ್ನೊಂದು ಮಾತು ಹೇಳಿದಳು, ನಾನು ನಿಮ್ಮ ಜೊತೆ ಹೊಂದಿಕೊಂಡು ಬರಲಿಲ್ಲವೇ ಅಂತ. ಕೈ ಹಿಡಿದುಕೊಂಡು, ಅವಳಿಗೆ ಫೋನ್ ಮಾಡಿ ಮನೆ ಒಡೆಯಬೇಡಿ ಎಂದು ಕೇಳಿಕೊಂಡಳು. ಫೋನ್ ಮಾಡುವುದಿಲ್ಲ ಎಂದು ಮಾತು ಕೊಟ್ಟೆ. ಕಾಗದದ ಸುದ್ದಿಯನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ಬರೆಯುತ್ತಿರುವಾಗಲೇ ಎರಡು ಸಲ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿದಳು. ಪಿಂಚಣಿ ಕೆಲಸಕ್ಕೆ ಬಂದಿದ್ದೇನೆ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ನೀನಿಲ್ಲದ ಮನೆ ಬಿಕೋ ಎನ್ನುತ್ತದೆ ಮಗಳೇ. ಸಂಜೆ ಗೇಟಿನ ಸದ್ದಾದರೆ ಈಗಲೂ ತಲೆ ಎತ್ತುತ್ತೇನೆ. ನೀನು ಬಂದರೆ ನನ್ನಷ್ಟು ಖುಷಿಪಡುವವರು ಇನ್ನೊಬ್ಬರಿಲ್ಲ. ಅವನು ನನ್ನ ಮಗ, ಹೆಗಲ ಮೇಲೆ ಹೊತ್ತು ಬೆಳೆಸಿದ್ದೇನೆ, ಈ ಕಾಗದದ ವಿಷಯ ಗೊತ್ತಾದರೆ ಅವನು ನನ್ನ ಮುಖ ನೋಡುವುದಿಲ್ಲ ಎನ್ನುವುದೂ ಗೊತ್ತು. ಅದಕ್ಕೇ ನಾನು ಬಾ ಎಂದೂ ಬರೆಯುವುದಿಲ್ಲ, ಬರಬೇಡ ಎಂದೂ ಬರೆಯುವುದಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳಿದ್ದೇನೆ, ಮುಂದಿನದು ನಿನ್ನ ಇಷ್ಟ.

ಅಕ್ಕನಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ನಗುನಗುತ್ತಾ ಇರು, ಈ ಮುದುಕನ ಆಶೀರ್ವಾದ ನಿನ್ನ ಬೆನ್ನಿಗೆ ಇದ್ದೇ ಇರುತ್ತದೆ.

ಇಂತಿ,
ನಿನ್ನ ಮಾವ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಕಾಗದ ಮಡಿಚಿ ಜೇಬಿಗಿಟ್ಟೆ, ಮನಸ್ಸು ಒಪ್ಪಲಿಲ್ಲ, ಮತ್ತೆ ಬಿಚ್ಚಿದ್ದೇನೆ. ನನ್ನ ಶಿಷ್ಯ ಬ್ರೇಕ್ ಬಸ್ಸು ಶುರು ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಅಂಕುಡೊಂಕಾದರೆ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಗಿಡ ಒಣಗಲಿಲ್ಲ. ಚಿಗುರು ಗೇಣುದ್ದ ಬಂದಿತ್ತು. ಒಂದು ರಜೆಯ ದಿನ ಬೆಳಿಗ್ಗೆ ಅವನು ಶಿಳ್ಳೆ ಹಾಕುತ್ತಾ ಬಂದು, ಬುಡಕ್ಕೆ ಹಾರೆ ಹಾಕಿ ಮೀಟಿ ಎಬ್ಬಿಸಿದ. ನಾನು ಕಿಟಕಿಯಿಂದ ನೋಡಿ ಓಡಿಹೋದೆ, ಚಿಗುರಿತ್ತಲ್ಲೋ ಎಂದೆ. ಅವನು ನಲ್ಲಿಯಲ್ಲಿ ಕೈ ತೊಳೆಯುತ್ತಾ ಹೇಳಿದ, "ಇದು ಹೂ ಬಿಡೋವರೆಗೆ ಯಾರು ಕಾಯ್ತಾರಪ್ಪ? ಇಂಥದ್ದೇ ಇನ್ನೊಂದು ತಂದಿಡ್ತೀನಿ. ಅವಳಿಗೇನು ಗೊತ್ತಾಗುತ್ತೆ?" ಕೋಪದಲ್ಲಿ ಕಿತ್ತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ, ಕೋಪ ಯಾವತ್ತಾದರೂ ಇಳಿಯುತ್ತದೆ. ಅವತ್ತು ಅವನಿಗೆ ಕೋಪವೇ ಬಂದಿರಲಿಲ್ಲ.

ಭಾನುವಾರ ಬರಬೇಡ ಮಗಳೇ.

ಈಗ ಡಬ್ಬಿ ತೆರೆ. ನೀನು ಕೊಟ್ಟ ಗಾಜಿನ ಲೋಟ, ಅದರೊಳಗೆ ನಿನ್ನದೇ ಗಿಡ. ಕಸದ ಗಾಡಿ ಬರುವ ಮೊದಲು ಒಂದು ಚಿಗುರಿದ ಕೊಂಬೆಯನ್ನು ನೀನು ಹೇಳಿಕೊಟ್ಟ ಹಾಗೆ ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಬಚ್ಚಲಿನ ಕಿಟಕಿಯಲ್ಲಿ ನೀರಿಗಿಟ್ಟೆ. ನಿನ್ನ ಅತ್ತೆ ಕೇಳಿದ್ದಕ್ಕೆ ಬಾಯಿ ವಾಸನೆಗೆ ಔಷಧಿ ಎಂದೆ. ಬೇರು ಬೆರಳುದ್ದ ಬಂದಿದೆ. ದಾರಿಯಲ್ಲಿ ಚೆಲ್ಲದಿರಲಿ ಎಂದು ನೀರು ಬಸಿದು ಒದ್ದೆ ಬಟ್ಟೆ ಸುತ್ತಿದ್ದೇನೆ. ಇವತ್ತೇ ಮಣ್ಣಿಗೆ ಇಡು, ಗೊಬ್ಬರ ಈಗಲೇ ಬೇಡ, ನಿನಗೆ ನಾನು ಹೇಳಬೇಕೇ. ನೀನಿರುವಲ್ಲೇ ನೆಡು. ಲೋಟ ತೊಳೆದಿಟ್ಟಿರು. ಕೆಳಗಿನ ಸೆಟ್ಟು ಉಜ್ಜುತ್ತಿದೆಯಲ್ಲ, ಅದನ್ನೇ ನೆಪ ಮಾಡಿಕೊಂಡು ಭಾನುವಾರದ ಮೊದಲ ಬಸ್ಸಿಗೆ ನಾನೇ ಬರುತ್ತೇನೆ.