ತೊಟ್ಟಿಲಿಗೆ ನಿಮ್ಮ ಕೈಯೇ ಬೇಕು

ಫ್ರೀಮಾಂಟ್
14 ಮಾರ್ಚ್ 2025, ಶುಕ್ರವಾರ

ಪೂಜ್ಯ ಅತ್ತೆಯವರಿಗೆ,

ಶಿವಾನಿಯ ಶರಣು. ಮಾವನವರಿಗೂ ತಿಳಿಸಿ. ನಿಮ್ಮ ಮೊಮ್ಮಗಳು ನನ್ನ ಎಡಗೈ ಮೇಲೆ ಮಲಗಿದ್ದಾಳೆ. ಸದ್ಯಕ್ಕೆ ಬಲಗೈ ಮಾತ್ರ ನನ್ನದು. ಅವಳು ಹುಟ್ಟಿ ಏಳು ವಾರವಾಯಿತು, ನಾನು ಒಟ್ಟಿಗೆ ಮೂರು ಗಂಟೆ ನಿದ್ದೆ ಮಾಡಿಲ್ಲ. ಅತ್ತರೆ ಯಾಕೆ ಅತ್ತಳೆಂದು ಎದ್ದು ಕೂರುತ್ತೇನೆ. ಸುಮ್ಮನೆ ಮಲಗಿದರೆ ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ನಿಮ್ಮ ಮಗ ನನ್ನನ್ನು ನೋಡಿ ನಗುತ್ತಾರೆ. ನಾನು ಸ್ನಾನಕ್ಕೆ ಹೋದಾಗ ಅವರೂ ಬೆರಳಿಡುವುದನ್ನು ಬಾಗಿಲ ಸಂದಿಯಿಂದ ಕಂಡಿದ್ದೇನೆ.

ಫೋನಿರುವಾಗ ಕಾಗದ ಯಾಕೆ ಎನ್ನುತ್ತೀರಿ. ಫೋನು ಮಾಡಿದರೆ ಮಾವ ಸ್ಪೀಕರಿಗೆ ಹಾಕುತ್ತಾರೆ, ಪಕ್ಕದ ಮನೆಯವರೂ ಬಂದು ನನ್ನ ಆರೋಗ್ಯ ವಿಚಾರಿಸುತ್ತಾರೆ. ಇದು ನಿಮ್ಮೊಬ್ಬರಿಗೆ. ನಮ್ಮ ಅಪಾರ್ಟ್‌ಮೆಂಟಿನ ಸೋಮಲಿಂಗಪ್ಪ ಕಾಕಾ ಭಾನುವಾರ ಧಾರವಾಡಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ.

ಮೊನ್ನೆ ತೊಟ್ಟಿಲ ಶಾಸ್ತ್ರಕ್ಕೆ ಬನ್ನಿ ಎಂದಾಗ ನೀವು, "ನಾ ಬರಂಗಿಲ್ಲವಾ. ನನ್ನ ಕೈಗುಣ ಛಲೋ ಇಲ್ಲ. ನಿಮ್ಮವ್ವನ ಕಡಿಂದನ ಹಾಕಸ್ರಿ" ಎಂದಿರಿ. ಆ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತು. ನನ್ನ ಬಾಯಿಂದಲೇ ಬಂದದ್ದು.

ಮೊದಲ ಸಲದ ದಿನ ನೆನಪಿದೆಯಲ್ಲ, ಲ್ಯಾಬಿನಲ್ಲಿ ಬೆಳೆಸಿ ಫ್ರೀಜ್ ಮಾಡಿಟ್ಟ ಎಂಬ್ರಿಯೋವನ್ನು, ಅಂದರೆ ಭ್ರೂಣವನ್ನು, ನನ್ನ ಗರ್ಭಕ್ಕೆ ಸೇರಿಸುವ ದಿನ. "ಕೂಸು ಮನಿಗೆ ಬರೂ ದಿನಾ ಬೋಳ ಹೆರಳಿನ್ಯಾಗ ಹೋಗ್ತಾರೇನು?" ಎಂದು ಇಂಡಿಯನ್ ಗ್ರೋಸರಿಯ ಮಲ್ಲಿಗೆಯನ್ನು ಕಟ್ಟಿ, ಕ್ಲಿನಿಕ್ಕಿಗೆ ಹೋಗುತ್ತ ಸೇತುವೆ ದಾಟುವಾಗ ಕಾರಿನಲ್ಲೇ ಮುಡಿಸಿದಿರಿ. ವಾಸನೆ ಎಂಬ್ರಿಯೋಗೆ ಆಗಿಬರುವುದಿಲ್ಲ, ಸೆಂಟು, ಹೂವು, ಘಮಘಮಿಸುವ ಎಣ್ಣೆ ಯಾವುದೂ ಕೂಡದೆಂದು ಕ್ಲಿನಿಕ್ಕಿನವರು ಕೊಟ್ಟ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ನಿಮಗೆ ಓದಿ ಹೇಳಬೇಕಾದವಳು ನಾನು, ಹೇಳಿರಲಿಲ್ಲ. ನರ್ಸು ಬಾಗಿಲಲ್ಲೇ ತಡೆದು, ಹೂವು ತೆಗೆಸಿ, ತಲೆಗೆ ಟೋಪಿ ಹಾಕಿ ಒಳಗೆ ಬಿಟ್ಟಳು. ನೀವು ಆ ಮಾಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಕೂತಿರಿ.

ಹತ್ತು ದಿನದ ಮೇಲೆ ರಕ್ತಪರೀಕ್ಷೆಯಲ್ಲಿ ಗರ್ಭ ನಿಂತಿಲ್ಲವೆಂದು ಬಂತು. ಅಡುಗೆಮನೆಯಲ್ಲಿ ನಾನು, "ನಿಮ್ಮ ಹೂವಿಂದಾನೇ ಹೀಗಾಗಿದ್ದು" ಎಂದೆ. ನೀವು ರೊಟ್ಟಿ ಬಡಿಯುತ್ತಲೇ ಇದ್ದಿರಿ. ಮರುವಾರ ಊರಿಗೆ ಹೊರಟುಬಿಟ್ಟಿರಿ. ಅಲ್ಲಿಂದೀಚೆಗೆ ನೀವು ಹೂ ಕಟ್ಟುವುದನ್ನೇ ಬಿಟ್ಟಿದ್ದೀರೆಂದು ನಾದಿನಿ ಸ್ನೇಹಲ್ ಹೇಳಿದಳು.

ಅತ್ತೆ, ತಪ್ಪು ಹೂವಿನದಲ್ಲ. ನೀವು ಊರಿಗೆ ಹೊರಟ ವಾರವೇ ಡಾಕ್ಟರು ಹೇಳಿದ್ದರು. ಅಂಡಾಣು ತೆಗೆದಾಗ ಹೆಣ್ಣಿಗೆ ವಯಸ್ಸೆಷ್ಟಿತ್ತು, ಎಂಬ್ರಿಯೋ ಎಷ್ಟು ಚೆನ್ನಾಗಿ ಬೆಳೆದಿತ್ತು, ಗರ್ಭದ ಒಳಪದರ ಎಷ್ಟು ದಪ್ಪವಿತ್ತು, ಔಷಧಿ ಹೊತ್ತಿಗೆ ಸರಿಯಾಗಿ ಬಿತ್ತೇ, ಇಂಥವನ್ನೆಲ್ಲ ಅವರು ನೋಡುತ್ತಾರೆ. ಎಲ್ಲ ಸರಿಯಿದ್ದೂ ಎಷ್ಟೋ ಸಲ ನಿಲ್ಲುವುದಿಲ್ಲವಂತೆ. ಬಾಗಿಲಲ್ಲೇ ತೆಗೆದ ಹೂವನ್ನು ದೂರಬೇಡಿ ಎಂದು ನಕ್ಕರು. ನನ್ನ ಒಳಪದರ ಮೊದಲ ಸಲ ಏಳು ಮಿಲಿಮೀಟರು, ಇವಳು ನಿಂತ ಎರಡನೆಯ ಸಲ ಒಂಬತ್ತೂವರೆ. "ಭೂಮಿ ಹದಾ ಇರಬೇಕು ಅಂತ ನಾ ಮೊದಲ ಹೇಳಿದ್ನಿಲ್ಲ?" ಎಂದು ನೀವು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ.

ಇಷ್ಟು ತಿಳಿದೂ ಒಂದೂವರೆ ವರ್ಷ ಬಾಯಿ ಬಿಡಲಿಲ್ಲ. ಹೇಳಬೇಕೆಂದು ಫೋನು ಮಾಡಿದಾಗೆಲ್ಲ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ.

ಕೂಸು ಹೇಗಿದ್ದಾಳೆ ಗೊತ್ತೇ? ಕಿವಿ ನಿಮ್ಮವೇ. ಸಿಟ್ಟೂ ನಿಮ್ಮದೇ, ಕೂಗಾಡುವುದಿಲ್ಲ, ತುಟಿ ಬಿಗಿದು ಗೋಡೆ ಕಡೆ ತಿರುಗುತ್ತಾಳೆ. ತಣ್ಣನೆಯ ಕೈ ತಾಗಿದರೆ ಒದೆಯುತ್ತಾಳೆ. ಫ್ರೀಜರಿನಲ್ಲಿದ್ದ ಹತ್ತು ತಿಂಗಳ ಚಳಿಯೇ ಸಾಕಾಗಿರಬೇಕು. "ನಮ್ಮ ಫ್ರಿಜ್ಜಿನ್ಯಾಗ ಹಾಲು ಎರಡ ದಿನಾ ತಡಿಯೂದಿಲ್ಲ, ಹತ್ತ ತಿಂಗಳ ತಡದಾಳ ನಮ್ಮ ಗಟ್ಟಿಗಿತ್ತಿ!" ಎಂದು ಮಾವ ಹೇಳಿದ್ದನ್ನು ನೆನೆಸಿಕೊಂಡು ನಿದ್ದೆಗಣ್ಣಲ್ಲೂ ಒಬ್ಬಳೇ ನಗುತ್ತೇನೆ.

ನಿಮ್ಮ ಮಗ ತೊಟ್ಟಿಲು ತಂದು ತಾವೇ ಜೋಡಿಸಿದ್ದಾರೆ. ಎರಡು ಸ್ಕ್ರೂ ಉಳಿದಿವೆ. ಎಲ್ಲಿಯವೆಂದು ಕೇಳಿದರೆ ಕಂಪನಿಯವರು ಹೆಚ್ಚಿಗೆ ಕೊಟ್ಟಿರುತ್ತಾರೆ ಎನ್ನುತ್ತಾರೆ, ಎಂಜಿನಿಯರು! ನೀವು ಬಂದು ಅಲ್ಲಾಡಿಸಿ ನೋಡುವವರೆಗೆ ನಾನು ಅದರಲ್ಲಿ ಕೂಸನ್ನು ಮಲಗಿಸುವುದಿಲ್ಲ. ನಿಮ್ಮ ವೀಸಾ ಇನ್ನೂ ಇದೆ. ಅಮ್ಮನೂ ನಿಮ್ಮ ಹೆಸರೆತ್ತಿ ಹೇಳಿದ್ದಾಳೆ, ಮೊದಲು ತೊಟ್ಟಿಲಿಗೆ ಹಾಕುವ ಕೈ ಬಂಗಾರೆವ್ವನವರದೇ ಆಗಲಿ ಎಂದು.

ನಿಮ್ಮ ಸೊಸೆ,
ಶಿವಾನಿ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಮೊದಲ ಸಲ, ಎಂಬ್ರಿಯೋ ಸೇರಿಸಿದ ಐದನೆಯ ದಿನ ಮಧ್ಯಾಹ್ನ, ಆಫೀಸಿನ ಮೀಟಿಂಗಿನಲ್ಲಿದ್ದಾಗ ಔಷಧಿಯ ಅಲಾರಂ ಹೊಡೆಯಿತು. ನಿಲ್ಲಿಸಿದೆ, ಮರೆತೆ. ನೆನಪಾಗುವಷ್ಟರಲ್ಲಿ ಆರು ಗಂಟೆ ಕಳೆದಿತ್ತು. ನಿಮ್ಮ ಮಗನಿಗೆ ಇವತ್ತಿಗೂ ಹೇಳಿಲ್ಲ. ಎರಡನೆಯ ಸಲಕ್ಕೆ ಮುಂಚೆ ಡಾಕ್ಟರಿಗೆ ಹೇಳಿದೆ. ಅದರಿಂದಲೇ ಹೀಗಾಯಿತು ಎನ್ನಲಾಗದು ಎಂದರು. ಆದರೆ ಅಡುಗೆಮನೆಯಲ್ಲಿ ನಿಮ್ಮ ಹೂವನ್ನು ದೂರುವಾಗ ನನ್ನ ಕಿವಿಯಲ್ಲಿದ್ದದ್ದು ಆ ಅಲಾರಂ. ಇದನ್ನು ಓದಿದ ಮೇಲೂ ಬರುವ ಮನಸ್ಸಿದ್ದರೆ ಫೋನಿನಲ್ಲಿ "ಮಲ್ಲಿಗಿ ತಂದಿಡು" ಎಂದಷ್ಟೇ ಹೇಳಿ. ಸ್ಪೀಕರಿನಲ್ಲಿದ್ದರೂ ಪರವಾಗಿಲ್ಲ.