ಅತ್ತೆಯ ಪ್ರಾರ್ಥನೆ ಕದ್ದು ಕೇಳಿದ್ದು

ಮಾರ್ಚ್ ೯, ಸೋಮವಾರ

ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ಆಗಲೇ ಅತ್ತೆಯ ಮನಸ್ಸು ನೋಯಿಸಿಬಿಟ್ಟೆ. ಬೆಳಗ್ಗಿನಿಂದ ಅದೇ ಕೊರೆಯುತ್ತಿದೆ.

ಧರ್ಮಗಳ ಅಧ್ಯಯನದ ನನ್ನ ಎಂ.ಎ. ಪ್ರಬಂಧಕ್ಕೆ ಹೆಂಗಸರು ಮನೆಯಲ್ಲಿ ಒಬ್ಬರೇ ಮಾಡುವ ಪ್ರಾರ್ಥನೆಯೇ ವಿಷಯ. ಅತ್ತೆಯೋ, ದಿನಾ ಅಡುಗೆಮನೆಯಲ್ಲಿ ನಿಂತು ದೇವರನ್ನು ಪಕ್ಕದ ಮನೆಯವರ ಹಾಗೆ ಗದರಿಸುತ್ತಾರೆ. ಎಷ್ಟು ಚೆಂದ! ಇವತ್ತು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಹೇಳದೆ ಕೇಳದೆ ಸಕ್ಕರೆ ಡಬ್ಬದ ಹಿಂದೆ ಇಟ್ಟೆ. ಅವರು ಡಬ್ಬ ತೆಗೆದರು.

"ನಾನು ದೇವರ ಹತ್ರ ಮಾತಾಡೋವಾಗ ಮಧ್ಯದಲ್ಲಿ ನಿಂದೇನೇ?" ಎಂದವರು ಫೋನನ್ನು ನನ್ನ ಕೈಗೆ ತುರುಕಿ ಅಡುಗೆಮನೆಯಿಂದ ಹೊರಟೇಹೋದರು.

ಮೊದಲು ಒಪ್ಪಿಗೆ ಕೇಳಬೇಕು ಎಂದು ಮೊದಲ ಸೆಮಿಸ್ಟರಿನಲ್ಲೇ ಕಲಿಸಿದ್ದರು. ನಮ್ಮ ಮನೆಯವರೇ ತಾನೇ ಅಂದುಕೊಂಡು ಎಡವಿದೆ.

ಅಳುತ್ತಾ ಕೂತಿದ್ದವಳನ್ನು ನನ್ನ ಮುದ್ದು ಗಂಡ, "ನನ್ನ ಹತ್ರ ಅತ್ರೆ ಏನು ಬಂತು ಪೆದ್ದಿ? ಅಮ್ಮನ ಹತ್ರ ಹೋಗಿ ಅಳು" ಎಂದು ದೂಡಿದ. ಅತ್ತೆಯ ಎದುರೇ ರೆಕಾರ್ಡಿಂಗ್ ಅಳಿಸಿ ಕ್ಷಮೆ ಕೇಳಿದೆ. ಬೇಕಾದರೆ ಓದನ್ನೇ ಬಿಡುತ್ತೇನೆ ಎಂದೆ.

"ಓದು ಯಾಕೆ ಬಿಡ್ತೀಯ? ನನ್ನೊಬ್ಬಳನ್ನ ಬಿಟ್ಟು ಊರನ್ನೆಲ್ಲಾ ಓದು. ನಮ್ಮಕ್ಕನ್ನ ಕೇಳು, ಅವಳಿಗೆ ನಾಲ್ಕು ಜನ ಕೇಳಿಸ್ಕೊಂಡ್ರೇನೇ ಪ್ರಾರ್ಥನೆ!"

ಅಬ್ಬಾ, ನಕ್ಕರು! ತಬ್ಬಿಕೊಂಡುಬಿಟ್ಟೆ.

ಇಲ್ಲ, ಈ ಎಂ.ಎ. ಮುಗಿಸದೆ ಬಿಡುವವಳಲ್ಲ ನಾನು. ನಾಳೆ ಆ ದೊಡ್ಡತ್ತೆಯ ಮನೆಗೆ ಹೋಗಿ, ಹೊಸ್ತಿಲಲ್ಲೇ ನಿಂತು ಒಪ್ಪಿಗೆ ಕೇಳುತ್ತೇನೆ. ಬೇಡ ಅಂದರೆ ಇನ್ನೊಂದು ಮನೆ, ಅಲ್ಲೂ ಬೇಡ ಅಂದರೆ ಮತ್ತೊಂದು ಮನೆ.